ಗೆರೆ, ನಕ್ಷತ್ರ, ಖಾಲಿ ಜಾಗ

ಪ್ರೆಸ್ಸಿನಲ್ಲಿ ನಗುವಿಗೆ ಬರವಿಲ್ಲ. ನಗು ಬರುವ ಹೊತ್ತಿಗೆ ಕಾಗದ ಹಾಳಾಗಿರುತ್ತದೆ, ಅಷ್ಟೆ.

ಐವತ್ತರ ದಶಕದ ಕೊನೆ. ಶಿಕಾರಿಪುರದ ಸಣ್ಣ ಪ್ರೆಸ್ಸಿನಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆಗಳೆಲ್ಲ ದಾವಣಗೆರೆಗೆ ಹೋಗುತ್ತಿದ್ದವು. "ಈ ಸಲದ ಮದುವೆ ಕಾಲವೂ ಹೀಗೇ ಹೋದರೆ ಯಂತ್ರ ಮಾರಿಬಿಡ್ತೀನಿ" ಎಂದರು ಮಾಲೀಕರು.

ಬರೆದು ತರುವವರಿಗೆ ಸುಲಭವಾಗಲೆಂದು ನಾನೊಂದು ಪದ್ಧತಿ ಮಾಡಿದೆ. ಕೆಳಗೆ ಗೆರೆ ಎಳೆದರೆ ದಪ್ಪ ಅಕ್ಷರ. ಎರಡೂ ಬದಿ ನಕ್ಷತ್ರ ಹಾಕಿದರೆ ಸಾಲು ನಡುವೆ. ಜಾಗ ಬಿಟ್ಟರೆ ಜಾಗ. ಬಾಗಿಲಿಗೆ ಬರೆದು ಅಂಟಿಸಿದೆ.

೧. ಗೆರೆ

ಹೊಸಬಾಳೆಯ ಗೌಡರೊಬ್ಬರು ಮಗನ ಮದುವೆಗೆ ಬರೆದು ತಂದರು. ಪ್ರತಿ ಸಾಲಿನ ಕೆಳಗೂ ಗೆರೆ. ಇದ್ದಬದ್ದ ದಪ್ಪ ಮೊಳೆಯೆಲ್ಲ ಸುರಿದು ಜೋಡಿಸಿದೆ.

ಅಚ್ಚಾದದ್ದನ್ನು ನೋಡಿ ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. "ಏನ್ರೀ ಇದು, ಹಿಂಗೆ ಕೂಗ್ತದೆ?"

"ನೀವೇ ಗೆರೆ ಎಳೆದಿದ್ರಲ್ಲ."

"ಬರೆಯೋವಾಗ ಸಾಲು ಸೊಟ್ಟ ಹೋಗಬಾರದು ಅಂತ ಎಳೆದಿದ್ದು ಮಾರಾಯ್ರೆ!"

ಮತ್ತೆ ಯೋಚಿಸಿ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಇರಲಿ ಬಿಡಿ. ನಮ್ಮ ಬೀಗರಿಗೆ ಕಿವಿ ಸ್ವಲ್ಪ ಮಂದ."

೨. ನಕ್ಷತ್ರ

ಆನವಟ್ಟಿಯ ಅಂಗಡಿಯವರೊಬ್ಬರು. "ಮಗಳ ಹೆಸರು ನಡುವೆ ಬರಬೇಕಾದರೆ ಎರಡೂ ಬದಿ ನಕ್ಷತ್ರ ಹಾಕಿ ತನ್ನಿ" ಎಂದೆ. ತಲೆ ಕೆರೆದುಕೊಂಡು ಬಸ್ಸು ಹತ್ತಿದರು.

ಮರುದಿನ ತಂದರು. ಹೆಸರಿನ ಎಡಕ್ಕೆ "ರೋಹಿಣಿ" ಎಂದಿತ್ತು. ಬಲಕ್ಕೆ ಏನೂ ಇಲ್ಲ.

"ಇನ್ನೊಂದು ಬದಿ?"

"ಹುಟ್ಟಿದ್ದು ಒಂದೇ ಸಲ ರೀ!"

೩. ಖಾಲಿ ಜಾಗ

ಅಷ್ಟರಲ್ಲಿ ಮಾಲೀಕರು ಯಂತ್ರ ಕೊಳ್ಳುವವರನ್ನು ಹುಡುಕತೊಡಗಿದ್ದರು. ಆಗ ಸೊರಬದ ಒಬ್ಬ ಅಮ್ಮ ಮಗನ ಲಗ್ನಪತ್ರಿಕೆ ಬರೆದು ಕೊಟ್ಟುಹೋದರು. ಕೊನೆಯಲ್ಲಿ "ತಮ್ಮ ಆಗಮನಾಭಿಲಾಷಿ" ಎಂದಿತ್ತು. ಕೆಳಗೆ ಖಾಲಿ. ಗಂಡನ ಹೆಸರು ಬಾಯಲ್ಲಿ ಹೇಳದವರು ಕೈಯಲ್ಲಿ ಬರೆದಾರೆಯೇ? ಅದು ನನಗೆ ಹೊಳೆಯಲಿಲ್ಲ. ಜಾಗ ಬಿಟ್ಟರೆ ಜಾಗ. ಹಾಗೇ ಅಚ್ಚಾಗಿ ಸೊರಬದ ಬಸ್ಸು ಹತ್ತಿತು.

ಉಳಿದ ಒಂದು ಪ್ರತಿ ಮಾಲೀಕರ ಕೈಗೆ ಸಿಕ್ಕಿತು. "ಮದುವೆಗೆ ಕರೆಯೋರು ಯಾರಯ್ಯ, ಗಾಳಿಯಾ? ಮುಗೀತು. ಯಂತ್ರ ಇವತ್ತೇ ಮಾರ್ತೀನಿ."

ನೋಡಿದರೆ ಬಾಗಿಲಲ್ಲಿ ಆ ಅಮ್ಮನೇ. ನಾನು ಮೊಳೆ ಪೆಟ್ಟಿಗೆಯ ಹಿಂದೆ ಸರಿದೆ.

"ಒಳ್ಳೇ ಕೆಲಸ ಮಾಡಿದ್ರಿ ಕಣ್ರೀ" ಎಂದರು. "ಯಾರ ಹೆಸರು ಮೇಲೆ ಅಂತ ನಮ್ಮನೆಯವರಿಗೂ ಭಾವನವರಿಗೂ ಮಾತೇ ನಿಂತಿತ್ತು. ಈಗ ಪತ್ರಿಕೆ ಅರ್ಧರ್ಧ ಹಂಚಿಕೊಂಡು, ಒಂದೇ ಜಗಲಿ ಮೇಲೆ ಕೂತು, ಅವರವರ ಹೆಸರು ಅವರೇ ಬರೀತಿದ್ದಾರೆ."

ಚೀಲದಿಂದ ಒಂದಷ್ಟು ಹಾಳೆ ತೆಗೆದರು. "ನಮ್ಮ ಕಡೆ ಮದುವೆ ಇರೋ ಮನೇಲೆಲ್ಲ ಇದೇ ಜಗಳ. ಎಲ್ಲರೂ ಕೊಟ್ಟು ಕಳಿಸಿದ್ದಾರೆ."

ಮಾಲೀಕರು ತಾವು ಕೂತಿದ್ದ ಕುರ್ಚಿಯನ್ನೇ ಎಳೆದುಕೊಟ್ಟರು. "ಇವಕ್ಕೂ ಅಷ್ಟೇ ಜಾಗ ಬಿಡೋಣವೇ ಅಮ್ಮಾ?"

"ತಂಗಿ ಮನೇದಕ್ಕೆ ಸ್ವಲ್ಪ ಜಾಸ್ತಿ ಬಿಡಿ. ಅಲ್ಲಿ ಅಣ್ಣತಮ್ಮಂದಿರು ಏಳು ಜನ."