ನನ್ನ ಹುಡುಗಿ ಹಾರಲೇಬೇಕು

ಹೈಸ್ಕೂಲಿನ ಸೈನ್ಸ್ ಟೀಚರ್ ಒಬ್ಬಳು ಕಾದಂಬರಿ ಬರೀತಾಳೆ ಅಂತ ಚಿಂತಾಮಣಿಯಲ್ಲಿ ಒಂದು ಸಲ ಗೊತ್ತಾದರೆ ಸಾಕು, ಆಮೇಲೆ ಅವಳ ಬದುಕಿನಲ್ಲಿ ನೆಟ್ಟಗೆ ನಡೆಯೋದು ಏನೂ ಉಳಿಯೋದಿಲ್ಲ. ನಾನು ಬರೆದದ್ದು ಹದಿಹರೆಯದ ಮಕ್ಕಳಿಗೆ. ನೂರು ವರ್ಷದ ಹಿಂದೆ, ವಿಮಾನ ಅನ್ನೋದು ಇನ್ನೂ ಪೇಪರಿನ ಸುದ್ದಿಯಾಗಿದ್ದಾಗ, ನಮ್ಮ ಕಡೆ ರೇಷ್ಮೆ ಹುಳ ಸಾಕೋ ಮನೆಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬಿದಿರು, ರೇಷ್ಮೆ ಬಟ್ಟೆಯಲ್ಲಿ ರೆಕ್ಕೆ ಕಟ್ಟಿಕೊಂಡು ಬೆಟ್ಟದಿಂದ ಹಾರುವ ಕಥೆ. ಮೂರು ಬೇಸಿಗೆ ರಜ ಅದಕ್ಕೇ ಹೋಯಿತು.

ಪ್ರಕಾಶಕರ ಫೋನು

"ಮೇಡಂ, ಕಾದಂಬರಿ ತುಂಬಾ ಇಷ್ಟ ಆಯ್ತು. ಒಂದೇ ತೊಂದರೆ. ಆ ಹುಡುಗಿ ಹಾರೋದನ್ನ ಮಾತ್ರ ನಂಬಕ್ಕಾಗ್ತಿಲ್ಲ."

"ಸಾರ್, ಅದೇ ಅಲ್ವಾ ಕಥೆ?"

"ಹೌದೌದು. ಅದೊಂದು ಬಿಟ್ಟು ಬಾಕಿ ಎಲ್ಲಾ ನಂಬ್ದೆ. ಹಾರೋದನ್ನ ತೆಗೆದುಬಿಟ್ರೆ ಹೇಗೆ? ಬೆಟ್ಟದ ತುದಿವರೆಗೂ ಹೋಗಿ, ಅಮ್ಮನ ನೆನಪಾಗಿ ವಾಪಸ್ ಬಂದ್ಲು ಅಂತ..."

ಮೈಯೆಲ್ಲಾ ಉರಿದುಹೋಯಿತು. ಹದಿನೈದು ದಿನ ಕೊಡಿ ಅಂದೆ. ಅಷ್ಟರಲ್ಲಿ ನಂಬೋ ಹಾಗೆ ಬರೆದರೆ ಅಚ್ಚಿಗೆ, ಇಲ್ಲದಿದ್ದರೆ ಹಸ್ತಪ್ರತಿ ವಾಪಸ್ ಮನೆಗೆ ಅಂತ ಮಾತಾಯಿತು. ಫೋನಿಟ್ಟವಳೇ ಮನೆಯವರಿಗೆ ಹೇಳಿದೆ, "ಏನಾದ್ರೂ ಆಗ್ಲಿ ರೀ, ಅವಳನ್ನ ಹಾರಿಸೇ ಹಾರಿಸ್ತೀನಿ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಯಾರನ್ನ? ನಮ್ಮಮ್ಮನ್ನಾ?"

ಗಂಜಿ

ಮೊದಲು ಬಟ್ಟೆ ಸರಿಯಾಗಬೇಕು ಅಂತ ಶಿಡ್ಲಘಟ್ಟಕ್ಕೆ ಹೋದೆ. ನನ್ನ ಹಳೇ ವಿದ್ಯಾರ್ಥಿನಿಯ ತಂದೆ ಅಲ್ಲಿ ಗೂಡಿನಿಂದ ನೂಲು ತೆಗೆಸುತ್ತಾರೆ. ಎಲ್ಲರಿಗೂ ಅವರು ಭಾಯ್. ಚಹಾ ತರಿಸಿದರು. ರೇಷ್ಮೆ ಬಟ್ಟೆ ಕಟ್ಟಿಕೊಂಡು ಒಬ್ಬರು ಹಾರಿದರೆ ತಡೆಯುತ್ತಾ ಅಂತ ಕೇಳಿದೆ.

"ಯಾರು ಹಾರೋದು ಟೀಚರಮ್ಮಾ?"

"ಹದಿನಾಲ್ಕು ವರ್ಷದ ಹುಡುಗಿ."

ಭಾಯ್ ನೂಲಿನ ಒಂದು ಎಳೆ ತೆಗೆದು ಬೆರಳಿಗೆ ಸುತ್ತಿ ಜಗ್ಗಿದರು. "ಬಟ್ಟೆ ತಡೀತದೆ. ಆದ್ರೆ ಒಳ್ಳೆ ಗಂಜಿ ಹಾಕ್ಬೇಕು, ಇಲ್ದಿದ್ರೆ ಗಾಳಿ ತೂರ್ಕೊಂಡು ಹೋಗ್ತದೆ."

ಭೇಷ್ ಅಂತ ಬರೆದುಕೊಂಡೆ. ಹೊರಡೋವಾಗ ಅವರು ಮೆಲ್ಲಗೆ, "ಆ ಹುಡುಗಿ ತಂದೆ ನಂಬರ್ ಕೊಡಿ. ನಾನು ಮಾತಾಡ್ತೀನಿ, ಇದೆಲ್ಲಾ ಬ್ಯಾಡ ಅಂತ," ಅಂದರು.

"ಅಯ್ಯೋ ಭಾಯ್, ಅದು ನೂರು ವರ್ಷದ ಹಿಂದಿನ ಮಾತು. ಆ ಹುಡುಗಿ ಈಗೆಲ್ಲಿ?"

ಭಾಯ್ ಎದೆ ಮೇಲೆ ಕೈ ಇಟ್ಟುಕೊಂಡರು. "ಯಾ ಅಲ್ಲಾ! ನಾನು ಹೇಳ್ಲಿಲ್ವಾ? ಗಂಜಿ ಹಾಕಿರಲ್ಲ!"

ಮಹಡಿ ಮೇಲೆ

ಬಟ್ಟೆ ಆಯಿತು, ಇನ್ನು ಗಾಳಿ. ರೆಕ್ಕೆ ಕಟ್ಟಿಕೊಂಡು ಓಡಿದರೆ ಎಲ್ಲಿ ಎಳೆಯುತ್ತೆ, ತೋಳಲ್ಲೋ ಭುಜದಲ್ಲೋ? ಆಷಾಢದ ಗಾಳಿ ಹೊಡೀತಿತ್ತು. ಡಬಲ್ ಕಾಟ್ ಬೆಡ್‌ಶೀಟನ್ನ ಎರಡು ಬಿದಿರ ಗಳಕ್ಕೆ ಕಟ್ಟಿ, ಭುಜಕ್ಕೆ ಬಿಗಿದುಕೊಂಡು, ಸೆರಗು ಸಿಕ್ಕಿಸಿ, ಮಹಡಿಯ ಈ ಗೋಡೆಯಿಂದ ಆ ಗೋಡೆಗೆ ಓಡಿದೆ. ನಲವತ್ತೆಂಟು ವರ್ಷಕ್ಕೆ ಮಂಡಿ ಬೇರೆ ಕೇಳಬೇಕಲ್ಲ! ನಾಲ್ಕನೇ ಸಲ ಗಾಳಿ ನನ್ನನ್ನ ಹಿಡಿದು ಹಿಂದಕ್ಕೆ ದಬ್ಬಿದ ರಭಸಕ್ಕೆ ನೀರಿನ ಟ್ಯಾಂಕಿಗೆ ಹೋಗಿ ಒರಗಿದೆ. ಭುಜದಲ್ಲೇ ಎಳೆಯೋದು, ಗೊತ್ತಾಯಿತು.

ಪಕ್ಕದ ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಹೆಂಗಸು ಅಷ್ಟೂ ಹೊತ್ತು ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೂಗಿದಳು, "ಟೀಚರಮ್ಮಾ, ಒಂದು ಬೆಡ್‌ಶೀಟು ಒಣಗ್ಸಕ್ಕೆ ಇಷ್ಟೊಂದು ಓಡ್ಬೇಕಾ? ಉಂಡಂಡಿ, ಸ್ವಲ್ಪ ನಿಲ್ಲಿ, ಕ್ಲಿಪ್ ಕೊಡ್ತೀನಿ!"

ಅತ್ತೆ

ಗಂಜಿಯನ್ನೂ ಭುಜವನ್ನೂ ಸೇರಿಸಿ ಕಳಿಸಿದೆ. ಪ್ರಕಾಶಕರು, "ಚೆನ್ನಾಗಾಗಿದೆ ಮೇಡಂ. ಆದ್ರೂ ನಂಬಿಕೆ ಬರ್ತಿಲ್ಲ, ಯಾಕೆ ಅಂತ ನನಗೂ ಹೇಳಕ್ಕಾಗ್ತಿಲ್ಲ," ಅಂದರು. ಉಳಿದದ್ದು ಎರಡು ದಿನ. ಅಳು ಬರೋ ಹಾಗಾಯಿತು. ಆದರೆ ಬಿಡೋ ಮಾತೇ ಇಲ್ಲ.

ಆ ಭಾನುವಾರ ಜಂಗಮಕೋಟೆಯಲ್ಲಿರೋ ಅತ್ತೆ ಮನೆಗೆ ಹೋಗಲೇಬೇಕಿತ್ತು, ಹುಳದ ಮನೆಯಲ್ಲಿ ಕೈ ಸಾಲದು ಅಂತ. ಹುಳ ನಾಲ್ಕನೇ ಜ್ವರ ಎದ್ದಿತ್ತು. ಅಂದರೆ ಕೊನೇ ಸಲ ಪೊರೆ ಬಿಟ್ಟು ಏಳೋದು. ಆಮೇಲೆ ಗೂಡು ಕಟ್ಟೋವರೆಗೂ ಅವಕ್ಕೆ ತಿನ್ನೋದೊಂದೇ ಕೆಲಸ, ಸೊಪ್ಪು ಹಾಕಿದಷ್ಟೂ ಸಾಲದು. ಸೊಪ್ಪು ಹಾಕಿ ಮುಗಿಸಿ, ಅತ್ತೆಗೆ ಓದಕ್ಕೆ ಬರೋದಿಲ್ಲವಾದ್ದರಿಂದ ಹುಡುಗಿ ಹಾರೋ ಭಾಗವನ್ನ ನಾನೇ ಓದಿ ಹೇಳಿದೆ. ನಾಲ್ಕನೇ ಜ್ವರ ಎದ್ದ ಬೆಳಗ್ಗೆ, ಮನೆಯವರು ಏಳೋ ಮೊದಲು, ಹುಡುಗಿ ಸದ್ದಿಲ್ಲದೆ ರೆಕ್ಕೆ ಹೊತ್ತು ಬೆಟ್ಟ ಹತ್ತಿದಳು, ಓಡಿದಳು...

"ನಿಲ್ಸಮ್ಮ," ಅಂದರು ಅತ್ತೆ. "ಇದು ಸುಳ್ಳು."

"ಹಾರೋದಾ ಅತ್ತೆ?"

"ಹಾರ್ಲಿ ಬಿಡು, ಅದೇನು ದೊಡ್ಡ ವಿಷ್ಯ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕ್ದೆ ಯಾವ ಹುಡ್ಗಿ ಮನೆ ಬಿಟ್ಟು ಹೋದ್ಲು?"

ಕೆನ್ನೆಗೆ ಹೊಡೆದ ಹಾಗಾಯಿತು. ಇಪ್ಪತ್ತೆರಡು ವರ್ಷದಿಂದ ಈ ಮನೆ ಸೊಸೆ ನಾನು! ಹಿಪ್ಪುನೇರಳೆ ಸೊಪ್ಪಿನ ರಾಶಿ ಪಕ್ಕದಲ್ಲೇ ಕೂತು ತಿದ್ದಿದೆ. ಹುಡುಗಿ ಎಲ್ಲರಿಗಿಂತ ಮೊದಲೆದ್ದು ಹುಳದ ಅಷ್ಟೂ ತಟ್ಟೆಗೆ ಸೊಪ್ಪು ಹಾಕಿದಳು, ಕೈ ತೊಳೆದಳು, ಆಮೇಲೆ ಬೆಟ್ಟ ಹತ್ತಿದಳು. ರಾತ್ರಿಯೇ ಕಳಿಸಿದೆ. ಮಾರನೇ ದಿನವೇ ಪ್ರಕಾಶಕರ ಫೋನು, "ಮೇಡಂ, ಈಗ ನಂಬ್ದೆ! ಅವಳು ಹಾರೋವಾಗ ನನ್ನ ಕಣ್ಣಲ್ಲಿ ನೀರು ಬಂತು. ಅಚ್ಚಿಗೆ ಕಳಿಸ್ತಿದೀನಿ."

ಖುಷಿಗೆ ಕೈಕಾಲು ಆಡಲಿಲ್ಲ. ತಕ್ಷಣ ಅತ್ತೆಗೆ ಫೋನ್ ಮಾಡಿ, ತಿದ್ದಿದ್ದನ್ನೆಲ್ಲಾ ಮತ್ತೆ ಓದಿ ಹೇಳಿದೆ. ಉಸಿರು ಬಿಗಿಹಿಡಿದು ಕೇಳಿದರು.

"ಎಷ್ಟ್ಹೊತ್ತು ಹಾರಿದ್ಲು?"

"ಒಂದು ನಿಮಿಷ ಅತ್ತೆ. ಆ ಕಾಲಕ್ಕೆ ಅದೇ ದೊಡ್ಡದು."

"ಒಂದೇ ನಿಮಿಷನಾ?" ಅತ್ತೆಗೆ ನಿಜವಾಗಲೂ ಕೋಪ ಬಂದಿತ್ತು. "ಸೊಪ್ಪು ಹಾಕಿ ಆಯ್ತಲ್ಲೇ! ಮಧ್ಯಾಹ್ನದ ಸೊಪ್ಪಿಗೆ ಇನ್ನೂ ಎಷ್ಟೊಂದು ಹೊತ್ತಿದೆ, ಯಾಕಿಳಿಸ್ದೆ ಅವಳನ್ನ? ಇನ್ನೊಂದು ಸುತ್ತು ಹಾರ್ಸು!"