ಕರಡಿಗೆಂದು ಅರೆದ ಖಾರ

ಬಂಗಾರಪೇಟೆಯಲ್ಲಿ ಬೂಸಾ, ಹಿಂಡಿ ಮಾರುವ ಅಂಗಡಿ ಇಟ್ಟುಕೊಂಡಿರುವ ನನಗೆ ಶತ್ರುಗಳೆಂದು ಯಾರೂ ಇಲ್ಲ. ಇರುವವನು ಒಬ್ಬ ಷಡ್ಡಕ. ನನ್ನ ಹೆಂಡತಿ ಪದ್ಮಳ ತಂಗಿ ಸುಜಾತಳ ಗಂಡ, ಮುರಳಿ. ಆಂಡರ್ಸನ್‌ಪೇಟೆಯಲ್ಲಿ ಮನೆ, ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರ ಕೆಲಸ. ಆಳು ಎತ್ತರ, ಹೊಟ್ಟೆ ಇಲ್ಲವೇ ಇಲ್ಲ, ತಲೆಯಲ್ಲಿ ಕೂದಲು ಪೂರ್ತಿ ಇದೆ. ಇದ್ಯಾವುದನ್ನೂ ನಾನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಆದರೆ ಈ ಮನುಷ್ಯ ಭಾನುವಾರ ಬಂತೆಂದರೆ ಬೆಟ್ಟ ಹತ್ತುತ್ತಾನೆ. ಹತ್ತಲಿ. ಹತ್ತಿದ ಮೇಲೆ ಇಳಿದು ಸುಮ್ಮನೆ ಮನೆಗೆ ಹೋಗಬೇಕೋ ಬೇಡವೋ? ಬಂಡೆಯ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಪದ್ಮ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾಳೆ.

ಇದಕ್ಕಿಂತ ದೊಡ್ಡ ಸಂಕಟ ನಮ್ಮ ಅತ್ತೆಯದು. ಬೇತಮಂಗಲದ ಕಡೆ ಒಂದು ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಹಾಕುವ ಹೆಂಗಸು. ನನಗೆ ಹೆಣ್ಣು ಕೊಟ್ಟ ಅತ್ತೆ ಮಾತ್ರವಲ್ಲ, ನನ್ನ ಅಪ್ಪನ ಸ್ವಂತ ತಂಗಿ. ಮುರಳಿಯಾದರೋ ಹೊರಗಿನ ಸಂಬಂಧ. ಲೆಕ್ಕದಲ್ಲಿ ಮರ್ಯಾದೆ ನನಗೇ ಹೆಚ್ಚು ಸಿಗಬೇಕು. ಅವನು ಬಾಗಿಲಿಗೆ ಬಂದರೆ, "ಬನ್ನಿ ಮೇಷ್ಟ್ರೇ, ಕೂತ್ಕಳಿ" ಎಂದು ಕುರ್ಚಿಯ ಧೂಳು ಸೆರಗಿನಲ್ಲಿ ಒರೆಸಿ, ಸಾಸರಿನ ಸಮೇತ ಕಪ್ಪಿನಲ್ಲಿ ಕಾಫಿ ಕೊಡುತ್ತಾಳೆ. ನಾನು ಹೋದರೆ, "ಬಂದ್ಯಾ ಸೀನ? ಒಲೆ ಮೇಲದೆ ಕಾಫಿ, ಬಗ್ಗಿಸ್ಕ ಓಗು" ಎನ್ನುತ್ತಾಳೆ. ಶ್ರೀನಿವಾಸ ಎಂಬ ಪೂರ್ತಿ ಹೆಸರು ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೀಗಿರುವಾಗ ಮುರಳಿಗೆ ಒಂದು ಆಲೋಚನೆ ಬಂತು. ಮುಂದಿನ ಭಾನುವಾರ ಮನೆಯವರೆಲ್ಲ ಸೇರಿ ಅತ್ತೆಯ ಊರ ಹಿಂದಿನ ಬಂಡೆಬೆಟ್ಟ ಹತ್ತೋಣ ಎಂದ. ಅತ್ತೆ ಫೋನಿನಲ್ಲಿ, "ಬನ್ನಿ ಬನ್ನಿ. ಆದ್ರೆ ಬೆಟ್ಟದ ಮಗ್ಗುಲಾಗೆ ಕರಡಿ ಓಡಾಡ್ತದಂತೆ, ಜನ ಏಳ್ತಾವ್ರೆ" ಎಂದಳು.

ಪದ್ಮ ನಕ್ಕಳು. "ಮುರಳಿ ಇರ್ತಾರಲ್ಲಮ್ಮ, ಅವ್ರ ಹತ್ರ ಎಲ್ಲ ಇದೆ. ಏನ್ ಭಯ?"

ನಾನು ತಲೆ ಎತ್ತಿ ನೋಡಿದೆ. ಅವಳು ತಿದ್ದಿಕೊಂಡಳು. "ನೀವೂ ಇರ್ತೀರಲ್ಲ."

ಆ "ನೀವೂ" ತರಕಾರಿಯವಳು ಕೊಸರಿಗೆ ಹಾಕುವ ಕರಿಬೇವಿನ ಹಾಗೆ ಕೇಳಿಸಿತು. ಈ ಸಲ ನನ್ನ ಸಂಸಾರವನ್ನು ಕರಡಿಯಿಂದ ನಾನೇ ಕಾಪಾಡತಕ್ಕದ್ದು ಎಂದು ಅಂದೇ ತೀರ್ಮಾನಿಸಿದೆ.

ಮೊದಲು ಅಟ್ಟದಿಂದ ಎಳನೀರು ಕೊಚ್ಚುವ ಮಚ್ಚನ್ನು ಇಳಿಸಿದೆ. ಒಂದು ಸಲ ಗಾಳಿಯಲ್ಲಿ ಬೀಸಿಯೂ ನೋಡಿದೆ. ಪದ್ಮ ಅಡುಗೆಮನೆಯಿಂದ ಬಂದು ನಿಂತಳು.

"ಅದನ್ನ ಹಿಡ್ಕೊಂಡು ಬಸ್ ಹತ್ತುತ್ತೀರಾ?"

"ಚೀಲದಲ್ಲಿ ಇಟ್ಕೋತೀನಿ."

"ಕರಡಿ ನಿಮ್ಮನ್ನ ಹಿಡಿಯೋಕ್ ಮುಂಚೆ ಪೊಲೀಸ್ನೋರು ಹಿಡೀತಾರೆ. ಬಿಡಿಸ್ಕೊಂಡು ಬರೋಕೆ ಮತ್ತೆ ಮುರಳಿನೇ ಬರ್ಬೇಕು."

ಕೊನೆಯ ಮಾತಿಗೆ ಮಚ್ಚು ಅಟ್ಟಕ್ಕೆ ಹೋಯಿತು.

ಮುರಳಿಯ ಹತ್ತಿರ ಅಂಗೈಯಗಲದ ಒಂದು ಡಬ್ಬಿ ಇತ್ತು. ಒತ್ತಿದರೆ ಮೆಣಸಿನ ಖಾರ ಚಿಮ್ಮುವಂಥದ್ದು. ಅಂಥದ್ದೇ ಬೇಕೆಂದು ರಾಬರ್ಟ್‌ಸನ್‌ಪೇಟೆಗೆ ಹೋದೆ. ಆಟದ ಸಾಮಾನಿನ ಅಂಗಡಿಯವನು ಕೈಯಾಡಿಸಿದ.

"ಇಲ್ಲ ಸಾರ್, ಮುಗಿದೋಯ್ತು. ಕಡೇ ಪೀಸು ಆಂಡರ್ಸನ್‌ಪೇಟೆ ಮೇಷ್ಟ್ರು ತಗೊಂಡ್ ಓದ್ರು. ಎತ್ತರವಾಗಿ ಇರ್ತಾರೆ, ನಲ್ಲ ಪರ್ಸನಾಲಿಟಿ."

ಅವರ ಒಳ್ಳೆಯ ಪರ್ಸನಾಲಿಟಿಯನ್ನು ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ನಾನು ಕೇಳಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಆಚೆ ಚಿನ್ನದ ಗಣಿಯ ಬೂದುಬಣ್ಣದ ಮಣ್ಣುಗುಡ್ಡಗಳನ್ನು ನೋಡುತ್ತ ಯೋಚಿಸಿದೆ. ಅವನದು ಅಂಗೈಯಗಲವಾದರೆ ನನ್ನದು ಲೀಟರುಗಟ್ಟಲೆ ಇರಲಿ. ನನ್ನ ಅಂಗಡಿಯಲ್ಲೇ ದನಗಳ ಉಣ್ಣೆಗೆ ಔಷಧಿ ಹೊಡೆಯುವ ಕೈಪಂಪುಗಳಿದ್ದವು. ಹೊಸದೊಂದನ್ನು ಮನೆಗೆ ತಂದೆ. ಪದ್ಮ ಸಂತೆಗೆ ಹೋಗಿದ್ದ ಹೊತ್ತು ನೋಡಿ ಗುಂಟೂರು ಮೆಣಸಿನಕಾಯಿ, ಕರಿಮೆಣಸು, ಮೇಲಿಷ್ಟು ಹಸಿಮೆಣಸಿನಕಾಯಿ, ಎಲ್ಲವನ್ನೂ ಮಿಕ್ಸಿಗೆ ಹಾಕಿ ನೀರು ಬೆರೆಸಿದೆ. ಸೋಸಬೇಕು ಎಂಬುದು ನನಗೆ ಹೊಳೆಯಲಿಲ್ಲ. ಯುದ್ಧಕ್ಕೆ ಹೊರಟವನು ಜರಡಿ ಹುಡುಕುತ್ತಾನೆಯೇ?

ಪದ್ಮ ಬೀದಿಯಲ್ಲೇ ಸೀನುತ್ತ ಬಂದಳು. ಪಕ್ಕದ ಮನೆಯವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು.

"ಏನ್ರೀ ಮಾಡ್ತಿದೀರಾ?"

"ಕರಡಿಗೆ."

"ಕರಡಿಗೆ ಚಟ್ನಿನಾ?"

ಮರುದಿನ ಅದೇ ಮಿಕ್ಸಿಯಲ್ಲಿ ಅವಳು ಕಾಯಿಚಟ್ನಿ ಅರೆದಳು. ಆ ಇಡ್ಲಿಯ ಬಗ್ಗೆ ನಾವಿಬ್ಬರೂ ಇವತ್ತಿಗೂ ಮಾತಾಡುವುದಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯ ಮನೆಯ ಅಂಗಳದಲ್ಲಿ ಎಲ್ಲರೂ ಸೇರಿದೆವು. ಮುರಳಿಯ ಬೆನ್ನಿಗೆ ನೀಲಿ ಬ್ಯಾಗು, ಕೊರಳಲ್ಲಿ ಸೀಟಿ, ಕೈಯಲ್ಲಿ ಎಳೆದರೆ ಉದ್ದವಾಗುವ ಕೋಲು. ಅತ್ತೆ ಆ ಕೋಲನ್ನು ಮುಟ್ಟಿ ಮುಟ್ಟಿ ನೋಡಿದಳು. "ಛತ್ರಿ ತರ ಬಿಚ್ಕಂತದಲ್ಲ ಮೇಷ್ಟ್ರೇ!"

ನಾನು ನನ್ನ ಚೀಲ ಬಿಚ್ಚಿದೆ. ಪಂಪಿನ ಗಾತ್ರಕ್ಕೆ ಸರಿಹೋಗುವ ಬ್ಯಾಗು ಮನೆಯಲ್ಲಿ ಇಲ್ಲದ್ದರಿಂದ ಅಂಗಡಿಯ ಖಾಲಿ ಹಿಂಡಿ ಚೀಲಕ್ಕೇ ಎರಡು ಹಿಡಿ ಹೊಲಿಸಿ ತಂದಿದ್ದೆ. ಪಂಪನ್ನು ಹೊರಗೆ ತೆಗೆದು ಎತ್ತಿ ಹಿಡಿದೆ. ಅತ್ತೆಯ ಮುಖ ಅರಳಿತು.

"ಉಣ್ಣೆ ಔಸ್ದಿ ತಂದ್ಯಾ? ಒಳ್ಳೇದಾಯ್ತು ಕಣ್ಲಾ. ನಮ್ ಕಾಳಿಗೆ ಒಡೀಬೇಕಿತ್ತು. ಮೇಯಾಕೋಗವಳೆ, ಸಾಯಂಕಾಲ ಒಡದ್ರಾಯ್ತು."

ಕಾಳಿ ಅತ್ತೆಯ ಎಮ್ಮೆ. ಪಂಪಿನಲ್ಲಿರುವುದು ಔಷಧಿಯಲ್ಲ, ಆಯುಧ ಎಂದು ನಾನು ವಿವರಿಸುವಷ್ಟರಲ್ಲಿ ಮುರಳಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳತೊಡಗಿದ.

"ಎಲ್ಲಾರೂ ಜೊತೆಯಲ್ಲೇ ಇರೋಣ. ಮಾತಾಡ್ಕೊಂಡು, ಸದ್ದು ಮಾಡ್ಕೊಂಡು ಹೋದ್ರೆ ಕರಡಿ ತಾನಾಗೇ ದೂರ ಹೋಗುತ್ತೆ. ಕಂಡ್ರೂ ಓಡಬಾರ್ದು. ಇದೆಲ್ಲ ಕೊನೇ ಉಪಾಯಕ್ಕೆ ಅಷ್ಟೇ," ಎಂದು ತನ್ನ ಡಬ್ಬಿ ತೋರಿಸಿದ.

ಹೆಂಗಸರು ಮೂವರೂ ತಲೆಯಾಡಿಸಿದರು. ಮಾತು ಸರಿಯಾಗಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಹತ್ತುವುದಕ್ಕೆ ಶುರುಮಾಡಿದ ಸ್ವಲ್ಪ ಹೊತ್ತಿಗೆ ನಾನು ಹಿಂದೆ ಬಿದ್ದೆ. ಖಾರದ ನೀರು ತುಂಬಿದ ಪಂಪು ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು. ಮುಂದೆ ಮುರಳಿ ಏನೋ ಹೇಳುವುದು, ಪದ್ಮ, ಸುಜಾತ, ಅತ್ತೆ ನಗುವುದು ಕೇಳಿಸುತ್ತಿತ್ತು. ಮದುವೆಯಾದ ಮೇಲೆ ಪದ್ಮ ನನ್ನ ಮಾತಿಗೆ ಅಷ್ಟು ಜೋರಾಗಿ ನಕ್ಕಿದ್ದು ಯಾವಾಗ ಎಂದು ನೆನಪಿಸಿಕೊಳ್ಳುತ್ತ ಒಂದು ಬಂಡೆಯ ಮೇಲೆ ಕುಳಿತೆ.

ಆಗ ಪಕ್ಕದ ಲಂಟಾನ ಪೊದೆ ಅಲ್ಲಾಡಿತು.

ಎಲೆಗಳ ಸಂದಿಯಲ್ಲಿ ಕಪ್ಪಗೆ ಏನೋ ಸರಿಯಿತು. ಬುಸ್ ಎಂದು ಉಸಿರು ಬಿಟ್ಟಿತು. ನನಗೆ ಭಯವಾಯಿತು, ನಿಜ. ಆದರೆ ಭಯದ ಅಡಿಯಲ್ಲಿ ಒಂದು ಸಂತೋಷವೂ ಇತ್ತು ಎಂದರೆ ನಂಬಬೇಕು. ಕರಡಿ ಮುರಳಿಯ ಹತ್ತಿರ ಹೋಗದೆ ನನ್ನನ್ನು ಹುಡುಕಿಕೊಂಡು ಬಂದಿತ್ತು.

ಪಂಪನ್ನು ಗುರಿಯಿಟ್ಟು ಒತ್ತಿದೆ. ಏನೂ ಬರಲಿಲ್ಲ. ಇನ್ನಷ್ಟು ಗಾಳಿ ಹಾಕಿ ಒತ್ತಿದೆ. ಒಂದೇ ಒಂದು ಹನಿ ಬಂದು ನನ್ನ ಚಪ್ಪಲಿಯ ಮೇಲೆ ಬಿತ್ತು. ಮೆಣಸಿನಕಾಯಿಯ ಬೀಜ ಮೂತಿಗೆ ಸಿಕ್ಕಿಕೊಂಡಿತ್ತು. ಅಂಗಡಿಯಲ್ಲಿ ಪಂಪು ಕಟ್ಟಿಕೊಂಡರೆ ಏನು ಮಾಡುತ್ತೇನೋ ಅದನ್ನೇ ಅಭ್ಯಾಸಬಲದಿಂದ ಮಾಡಿದೆ. ಮೂತಿಯನ್ನು ಬಿಚ್ಚಿ, ಬಾಯಿಗಿಟ್ಟು ಊದಿದೆ.

ಬೀಜ ಹಾರಿಹೋಯಿತು. ಅದರ ಜೊತೆಗೆ ನನ್ನ ನಾಲಿಗೆಯೂ ಹೋಯಿತು ಎಂದುಕೊಂಡೆ. ತುಟಿ, ವಸಡು, ಗಂಟಲು, ಕಿವಿಯ ಒಳಗಡೆವರೆಗೆ ಬೆಂಕಿ ಹತ್ತಿತು. ಹೇಗೋ ಮೂತಿಯನ್ನು ತಿರುಗಿಸಿ ಹಾಕಿ ಮೇಲಕ್ಕೆ ಓಡಿದೆ. "ಕರಡಿ, ಕರಡಿ" ಎಂದು ಕೂಗುತ್ತಿದ್ದೇನೆಂದು ನನ್ನ ಭಾವನೆ. ಹೊರಗೆ ಬಂದದ್ದು, "ಅಅಇ, ಅಅಇ."

ಎಲ್ಲರೂ ತಿರುಗಿ ನೋಡಿದರು. ಮುಖ ಕೆಂಪು, ಕಣ್ಣಲ್ಲಿ ನೀರು, ಬಾಯಿ ಸೊಟ್ಟ. ಸುಜಾತ, "ಬಾವಂಗೇನೋ ಆಗೋಯ್ತು" ಎಂದು ಅಳುವುದಕ್ಕೆ ಶುರುಮಾಡಿದಳು. ಪದ್ಮ ಓಡಿಬಂದು ತೋಳು ಹಿಡಿದುಕೊಂಡಳು. ಮುರಳಿ ನನ್ನ ಮುಂದೆ ಮಂಡಿಯೂರಿ ಕೂತು, "ಸ್ಟ್ರೋಕ್ ಇರ್ಬಹುದು. ಅಣ್ಣ, ನನ್ನ ನೋಡಿ. ಎರಡೂ ಕೈ ಎತ್ತಿ. ನಗಿ" ಎಂದ.

ಕರಡಿ ಹಿಂದೆ ಬರುತ್ತಿರುವಾಗ ಷಡ್ಡಕನ ಮುಖ ನೋಡಿ ನಗುವುದು! ನಾನು ಕೈಯನ್ನೇನೋ ಎತ್ತಿದೆ. ಒಂದರಲ್ಲಿ ಪಂಪಿತ್ತು. ಅಷ್ಟರಲ್ಲಿ ಪೊದೆ ಸೀಳಿಕೊಂಡು ಕಪ್ಪು ಮೂತಿಯೊಂದು ನೇರವಾಗಿ ನನ್ನ ಹೆಗಲ ಚೀಲದ ಕಡೆಗೆ ಚಾಚಿತು. ನಾನು ಒತ್ತಿದೆ.

ಈ ಸಲ ಬಂತು. ನನ್ನ ಜೀವಮಾನದಲ್ಲಿ ಗುರಿ ತಪ್ಪದ ಏಟು ಅದೊಂದೇ. ಮೂಗಿನ ಎರಡೂ ಹೊಳ್ಳೆಗೆ ಸಮನಾಗಿ ಬಿತ್ತು.

ಕರಡಿ "ಊಂಯ್" ಎಂದಿತು.

ಆ ದನಿ ನನಗೆ ಗೊತ್ತಿಲ್ಲದ್ದಲ್ಲ. ನಾನು ಮಾರುವ ಹಿಂಡಿಯನ್ನು ತಿನ್ನುವವರ ದನಿ ಅದು. ಹಿಂಡಿ ಚೀಲದ ವಾಸನೆ ಹಿಡಿದು ಪಾಪ ನಂಬಿಕೆಯಿಂದ ಬಂದ ಗಿರಾಕಿ.

"ಅಯ್ಯೋ ನನ್ ಕಾಳೀ" ಎಂದು ಅತ್ತೆ ಎದೆ ಬಡಿದುಕೊಂಡಳು.

ಕಾಳಿ ಸೀನುತ್ತ, ತಲೆ ಒದರುತ್ತ ಇಳಿಜಾರಿನಲ್ಲಿ ಓಡಿತು. ಅದರ ಹಿಂದೆ ಅತ್ತೆ. ಮುರಳಿ ಬಂಡೆಯಿಂದ ಬಂಡೆಗೆ ಹಾರಿ ಇಬ್ಬರನ್ನೂ ದಾಟಿ ಕೆರೆಯ ಏರಿಯ ಹತ್ತಿರ ಹಗ್ಗ ಹಿಡಿದು ನಿಲ್ಲಿಸಿದ. ನಾನು ಬಹುಪಾಲು ದೂರವನ್ನು ಕುಳಿತುಕೊಂಡೇ ಇಳಿದೆ.

ನಾನು ಅಂಗಳಕ್ಕೆ ಬರುವಷ್ಟರಲ್ಲಿ ಮುರಳಿ ಕಾಳಿಯ ಮುಖಕ್ಕೆ ಬಿಂದಿಗೆಗಟ್ಟಲೆ ನೀರು ಹುಯ್ಯುತ್ತಿದ್ದ. ಅತ್ತೆ ಮಜ್ಜಿಗೆಯ ಮಡಕೆ ತಂದು, ಬಟ್ಟೆ ಅದ್ದಿ ಅದರ ಮೂಗು ಒರೆಸುತ್ತಿದ್ದಳು. ನನ್ನನ್ನು ಕಂಡು ಬೈಯಲು ಬಾಯಿ ತೆರೆದವಳು ನನ್ನ ತುಟಿಗಳನ್ನು ನೋಡಿ ನಿಂತಳು. ಅವು ಬೋಂಡದಂತೆ ಊದಿದ್ದವು.

"ಬಾರ್ಲಾ ಇಲ್ಲಿ, ಮುಂಡೇದೆ. ಎಮ್ಮೆ ಸಾಕೋರಿಗೆ ಹಿಂಡಿ ಮಾರ್ತೀಯ, ಎಮ್ಮೆ ಯಾವ್ದು ಕರಡಿ ಯಾವ್ದು ಗೊತ್ತಾಗಲ್ವಾ ನಿಂಗೆ? ನಮ್ಮಣ್ಣನ ಒಟ್ಟೇಲಿ ಎಂಗುಟ್ಟಿದ್ಯೋ. ತೆಗಿ ಬಾಯಿ."

ಅದೇ ಬಟ್ಟೆಯ ಇನ್ನೊಂದು ತುದಿಯನ್ನು ಅದೇ ಮಜ್ಜಿಗೆಯಲ್ಲಿ ಅದ್ದಿ ನನ್ನ ಬಾಯಿ ಒರೆಸಿದಳು. ಆಮೇಲೆ ತಲೆ ಹಿಡಿದು ಒಂದು ಚೊಂಬು ಮಜ್ಜಿಗೆ ಕುಡಿಸಿದಳು. ಕುಡಿಸುತ್ತಲೇ ಬೈದಳು. ಪದ್ಮ ಕಂಬಕ್ಕೆ ಒರಗಿ ನಗು ತಡೆದುಕೊಳ್ಳುತ್ತಿದ್ದಳು. ಕೊನೆಗೂ ನನ್ನಿಂದ ಅವಳಿಗೆ ಜೋರಾಗಿ ನಗು ಬಂತು.

ಆಮೇಲೆ ಕೊಟ್ಟಿಗೆಯ ಗೋಡೆಯ ನೆರಳಿನಲ್ಲಿ ಕುಳಿತಿದ್ದೆ. ಮುರಳಿ ಬಂದು ಪಕ್ಕದಲ್ಲಿ ಕೂತ. ಉಪದೇಶ ಬರುತ್ತದೆ ಎಂದು ತಲೆ ತಗ್ಗಿಸಿದೆ.

"ಅಣ್ಣ, ಒಂದ್ ಮಾತು. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು."

ನಾನು ತಿರುಗಿ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

"ಮದ್ವೆಯಾಗಿ ಇಷ್ಟ್ ವರ್ಷ ಆಯ್ತು. ಅತ್ತೆ ಇನ್ನೂ ಮೇಷ್ಟ್ರೇ ಅಂತಾರೆ. ಕುರ್ಚಿ ಒರಸ್ತಾರೆ. ಒಂದ್ ದಿನಾನೂ ಬೈದಿಲ್ಲ. ನೀವು ಸೀದಾ ಅಡುಗೆಮನೆಗೆ ಹೋಗಿ ಕಾಫಿ ಬಗ್ಗಿಸ್ಕೋತೀರ. ಆ ಅಡುಗೆಮನೆ ಒಳಗಡೆ ಹೇಗಿದೆ ಅಂತಾನೂ ನಾನು ನೋಡಿಲ್ಲ. ಈಗ ನೋಡಿದ್ರೆ ಅವ್ರ ಕೈಯಾರೆ ಮಜ್ಜಿಗೆ ಬೇರೆ ಕುಡಿದ್ರಿ."

ಇಂಥ ಮಾತಿಗೆ ಉತ್ತರ ಕೊಡಲು ಮನುಷ್ಯನಿಗೆ ತುಟಿಗಳು ಬೇಕು. ನಾನು ಅವನ ಭುಜ ತಟ್ಟಿದೆ. ಎಷ್ಟೋ ವರ್ಷದಿಂದ ಹೊತ್ತಿದ್ದ ಒಂದು ಭಾರ ಇಳಿದಂತಾಯಿತು. ಜಗತ್ತಿನಲ್ಲಿ ನನ್ನನ್ನು ಕಂಡು ಕರುಬುವವನೂ ಒಬ್ಬನಿದ್ದಾನೆ, ಅದೂ ಹೊಟ್ಟೆಯೇ ಇಲ್ಲದವನು. ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಎದೆ ಉಬ್ಬಿಸಿಕೊಂಡೇ ಕುಳಿತಿದ್ದೆ.

ಮಾರನೆಯ ಬೆಳಿಗ್ಗೆ ಅತ್ತೆಯ ಫೋನು ಬಂತು. ಪದ್ಮಳಿಗಲ್ಲ, ನೇರವಾಗಿ ನನಗೆ. ಮುರಳಿ ಕೇಳಬೇಕಿತ್ತು ಎಂದುಕೊಂಡು ಎತ್ತಿದೆ.

"ಸೀನ, ರಾತ್ರಿಯೆಲ್ಲ ನಂಗೆ ನಿದ್ದೆ ಇಲ್ಲ ಕಣ್ಲಾ. ಮೂತಿ ಊದ್ಕಂಡು, ಕಣ್ಣಾಗೆ ನೀರ್ ಸುರಿಸ್ಕಂಡು ನಿಂತಿದ್ದು ನೆನೆಸ್ಕಂಡ್ರೆ ಒಟ್ಟೆ ಉರೀತದೆ. ಪಾಪ, ಏನೂ ತಿಂದೂ ಇರ್ಲಿಲ್ಲ."

ನನ್ನ ಕಣ್ಣು ತುಂಬಿಬಂತು. "ಇಲ್ಲ ಅತ್ತೆ, ರಾತ್ರಿ ಮೊಸರನ್ನ ತಿಂದೆ. ಚೆನ್ನಾಗಿ ನಿದ್ದೆ ಬಂತು."



"ನಿನ್ನಲ್ಲ ಕಣ್ಲಾ. ನಾನು ಕಾಳಿ ವಿಸ್ಯ ಏಳ್ತಾ ಇರೋದು."

ಆ ದಿನದಿಂದ ನನಗೆ ಮುರಳಿಯ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ. ವಿಷಯ ಹೇಳಿದಾಗ ಅವನೂ ನಿಟ್ಟುಸಿರು ಬಿಟ್ಟ. ಈಗ ನಾವಿಬ್ಬರೂ ಅಳಿಯಂದಿರು ಒಟ್ಟಾಗಿ ಒಂದು ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇವೆ.