ನೀರು ಬರ್ತಿದೆ, ಹೊರಡಿ!

ದೋಣಿಯ ಮೋಟರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು. ಮೋಟರು ಓಡುವಾಗ ಅದರಿಂದ ದಬ್ಬಳದಷ್ಟು ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಚಿಮ್ಮಿದರೆ ಮೋಟರು ತಣ್ಣಗಿದೆ, ಧಾರೆ ನಿಂತರೆ ಬಿಸಿಯಾಗುತ್ತಿದೆ ಎಂದು ಲೆಕ್ಕ. ಅಷ್ಟು ಚಿಕ್ಕ ತೂತಿನಲ್ಲಿ ಒಬ್ಬ ಮನುಷ್ಯನ ಬದುಕೇ ಸೋರಿಹೋಗಬಹುದು ಅಂತ ಯಾರಿಗಾದರೂ ಹೊಳೆಯುತ್ತದೆಯೇ? ಅಳಿಯನಿಗಂತೂ ಹೊಳೆಯಲಿಲ್ಲ, ಪಾಪ.

ಅಳಿಯ ಎಂದರೆ ಮನೆ ಅಳಿಯ. ಜೆರಾಕ್ಸ್ ಅಂಗಡಿ ಮುಚ್ಚಿ ಹೆಂಡತಿಯ ತವರಿಗೆ ಬಂದು ಎಂಟು ತಿಂಗಳಾಗಿತ್ತು. ಯಾರೂ ಒಂದು ಮಾತು ಅಂದವರಲ್ಲ, ಆದರೂ ಉಣ್ಣಲು ಕೂತಾಗ ಎರಡನೇ ಸಲ ಅನ್ನ ಕೇಳಲು ನಾಚಿಕೆ. ದೋಣಿ ಅತ್ತೆಯದು, ನಡೆಸುವವರು ಮಾವ. ಆ ದಿನ ಬೆಳಿಗ್ಗೆ ಅತ್ತೆ ಕರೆದರು.

"ಅಳಿಯಂದ್ರೇ, ಇವತ್ತು ನೀವೊಬ್ರೇ ಜನರನ್ನ ಆಚೆ ದಡಕ್ಕೆ ಬಿಟ್ಟು ಬನ್ನಿ. ಸರಿಯಾಗಿ ಹೋಗಿಬಂದ್ರೆ ನಾಳೆಯಿಂದ ದೋಣಿ ನಿಮ್ಮ ಕೈಗೆ."

ಮಾವನ ಮುಖ ಸಪ್ಪಗಾಯಿತು. ಆದರೂ ದಡದವರೆಗೆ ಬಂದು, ಮೋಟರು ಗುಡುಗುಟ್ಟಿದಾಗ ಬಗ್ಗಿ ನೋಡಿ, "ನೀರು ಬರ್ತಿದೆ, ಹೊರಡಿ!" ಎಂದು ಕೈ ಬೀಸಿದರು. ಅಳಿಯ ಇಬ್ಬರು ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಟ. ಹಿರಿಯರೇ ಹೇಳಿದ ಮೇಲೆ ತಾನೂ ತಿರುಗಿ ನೋಡುವುದೇನು?

ನಡುನೀರಿಗೆ ಬಂದಿದ್ದರೋ ಇಲ್ಲವೋ, ಮೋಟರು ಕುಂಯ್ ಎಂದು ಒಂದೇ ಸಮನೆ ಕಿರುಚಿಕೊಂಡಿತು. ಸುಟ್ಟ ರಬ್ಬರಿನ ವಾಸನೆ ಬಂತು. ಅಳಿಯ ಮುಚ್ಚಳ ಮುಟ್ಟಿ, "ಅಯ್ಯಪ್ಪಾ!" ಎಂದು ಕೈ ಒದರಿ ಮೋಟರು ನಿಲ್ಲಿಸಿದ.

"ಜ್ವರ ಬಂದಿದೆ," ಎಂದರು ನಿವೃತ್ತ ಮೇಷ್ಟ್ರು. "ಜ್ವರಕ್ಕೆ ಒದ್ದೆಬಟ್ಟೆ ಹಾಕ್ಬೇಕು. ಇಷ್ಟೂ ಗೊತ್ತಿಲ್ವೇನ್ರಿ?"

"ಬಟ್ಟೇನೂ ಬೇಡ, ಗಿಟ್ಟೇನೂ ಬೇಡ," ಎಂದ ಕಟಿಂಗ್ ಅಂಗಡಿಯವನು. "ಕೆಳಗೆ ಜೊಂಡು ಸುತ್ಕೊಂಡಿರುತ್ತೆ. ಸಿಕ್ಕು ಬಿಡಿಸೋ ಕೆಲ್ಸ ನಂಗೆ ಬಿಡಿ." ಜೇಬಿನಿಂದ ಬಾಚಣಿಗೆ ತೆಗೆದು ನೀರಿನತ್ತ ಬಾಗಿಯೇಬಿಟ್ಟ.

ದೋಣಿ ಓಲಾಡಿತು. ಮೇಷ್ಟ್ರು ಅದೇ ಹೊತ್ತಿಗೆ ತಮ್ಮ ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ಮೊಗೆದು ಮೋಟರಿನ ಮೇಲೆ ಸುರಿದರು. ಚೊಂಯ್ ಎಂದು ಹಬೆ ಎದ್ದಿತು, ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು, ತೊಡೆಯ ಮೇಲಿದ್ದ ಡಬ್ಬಿ ಉರುಳಿ ನೀರಿನ ಪಾಲಾಯಿತು.

"ನನ್ನ ಊಟ! ಇದಕ್ಕೆ ಯಾರ್ರಿ ಹೊಣೆ?"

ಹೊಣೆ ಇನ್ಯಾರು? ಎಲ್ಲರೂ ಅಳಿಯನನ್ನೇ ನೋಡಿದರು. ಜೊಂಡಿನ ಒಂದು ಎಳೆಯೂ ಸಿಗಲಿಲ್ಲ, ಬಾಚಣಿಗೆ ಮಾತ್ರ ಡಬ್ಬಿಯ ಹಿಂದೆಯೇ ಹೋಯಿತು. ಕೂರುವ ಹಲಗೆ ಕಿತ್ತು ಅದನ್ನೇ ಹುಟ್ಟು ಮಾಡಿಕೊಂಡು ಅಳಿಯ ಎರಡು ಗಂಟೆ ಕಾಲ ಮೀಟುತ್ತ ದೋಣಿಯನ್ನು ವಾಪಸ್ಸು ದಡಕ್ಕೆ ತಂದ. ದಾರಿಯುದ್ದಕ್ಕೂ ಇಬ್ಬರೂ ಸರದಿಯ ಮೇಲೆ ಬುದ್ಧಿ ಹೇಳಿದರು.

ಮಧ್ಯಾಹ್ನ ರಿಪೇರಿಯವನು ಬಂದು, ನೀರೆತ್ತುವ ರಬ್ಬರ್ ಚಕ್ರವನ್ನು ಹೊರತೆಗೆದ. ಒಂದು ಹಲ್ಲೂ ಉಳಿದಿರಲಿಲ್ಲ.

"ಇದು ಇವತ್ತು ಹೋಗಿದ್ದಲ್ಲ ಬಿಡಿ. ಹೊರಡುವಾಗಲೇ ಒಂದು ತೊಟ್ಟು ನೀರು ಬಂದಿರಲ್ಲ," ಎಂದ.

ಅಳಿಯ ಮಾವನ ಮುಖ ನೋಡಿದ. ಮಾವ ಆಕಾಶ ನೋಡಿದರು.

ಹೊಸ ಚಕ್ರ ಹಾಕಿ, ಮೋಟರನ್ನು ನೀರಿನ ಪೀಪಾಯಿಯಲ್ಲಿ ನಿಲ್ಲಿಸಿ ಚಾಲೂ ಮಾಡಿದರು. ಮಾವ ಬಗ್ಗಿ, ಕಣ್ಣು ಕಿರಿದು ಮಾಡಿ, "ಬಂತು ಬಂತು! ಭರ್ಜರಿ ಬರ್ತಿದೆ!" ಎಂದರು. ತೂತು ಒಣಗಿಕೊಂಡೇ ಇತ್ತು. ರಿಪೇರಿಯವನು ಮೋಟರು ನಿಲ್ಲಿಸಿ, ಕಸ ಕಟ್ಟಿದ ತೂತಿಗೆ ಚುಚ್ಚಲು ತಂತಿ ಹುಡುಕುತ್ತ ಅತ್ತ ಹೋದ.

"ಮಾವಾ," ಎಂದ ಅಳಿಯ ಮೆಲ್ಲಗೆ, "ನಿಮಗೆ ಕಾಣಲ್ವಾ?"

ಮಾವ ಅವನ ಕೈ ಹಿಡಿದುಕೊಂಡರು. "ದಡ ಕಾಣುತ್ತೆ, ಜನ ಕಾಣ್ತಾರೆ. ಸಣ್ಣದು ಕಾಣಲ್ಲ, ಅಷ್ಟೇ. ನಿಮ್ಮತ್ತೆಗೆ ಹೇಳ್ಬೇಡಿ ಅಳಿಯಂದ್ರೇ. ಕಣ್ಣಿಲ್ಲ ಅಂತ ಮೂಲೇಲಿ ಕೂರಿಸಿದ್ರೆ ನಾನು ಬದುಕಲ್ಲ."

ಅಳಿಯ ಹೇಳುವುದಿಲ್ಲ ಎಂದು ಮಾತು ಕೊಟ್ಟ.

ಸಂಜೆ ಜಗಲಿಯಲ್ಲಿ ಪಂಚಾಯ್ತಿ. ಡಬ್ಬಿ ಕಳೆದುಕೊಂಡವರು, ಬಾಚಣಿಗೆ ಕಳೆದುಕೊಂಡವನು, ಇಬ್ಬರೂ ಹಾಜರ್.

"ಅಳಿಯಂದ್ರೇ," ಎಂದು ಅತ್ತೆ ಕೇಳಿದರು, "ಹೊರಡುವಾಗ ನೀರು ಬರ್ತಿದೆ ಅಂತ ಯಾರಾದ್ರೂ ಹೇಳಿದ್ರಾ? ಯೋಚನೆ ಮಾಡಿ ಹೇಳಿ."

ಅಳಿಯ ತಲೆ ತಗ್ಗಿಸಿದ. "ಯಾರೂ ಇಲ್ಲ ಅತ್ತೆ. ನಾನೇ ನೋಡ್ಲಿಲ್ಲ. ತಪ್ಪು ನಂದೇ."

"ನೋಡಿದ್ರಾ!" ಎಂದು ಮಾವ ಎದ್ದೇ ನಿಂತರು. ಬದುಕಿಕೊಂಡ ಸಂತೋಷಕ್ಕೆ ಅವರ ಗಂಟಲು ಬೀದಿಯ ಕೊನೆಗೂ ಕೇಳಿಸಿತು. "ಮೋಟರು ಅಂದ್ರೆ ಜೆರಾಕ್ಸ್ ಮಿಷನ್ ಅನ್ಕೊಂಡ್ರಾ, ಗುಂಡಿ ಒತ್ತಿ ಸುಮ್ನೆ ಕೂರೋಕೆ? ಕಣ್ಣು ಬೇಕ್ರೀ, ಕಣ್ಣು!"

ಮೇಷ್ಟ್ರು ಹೌದೌದು ಎಂದು ತಲೆಯಾಡಿಸಿದರು. ದೋಣಿ ಮಾವನ ಕೈಯಲ್ಲೇ ಉಳಿಯಿತು.

ಪಂಚಾಯ್ತಿ ಮುಗಿದ ಮೇಲೆ ಅಳಿಯ ನೀರು ಕುಡಿಯಲು ಅಡುಗೆಮನೆಗೆ ಹೋದ. ಅತ್ತೆ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದರು.

"ಅವರಿಗೆ ಕಣ್ಣು ಮಂಜಾಗಿ ಆರು ತಿಂಗಳಾಯ್ತು," ಎಂದರು, ತಿರುಗದೆಯೇ.

ಅಳಿಯನ ಕೈಯ ಲೋಟ ಅಲ್ಲೇ ನಿಂತಿತು.

"ಕಣ್ಣು ಕಾಣಲ್ಲ, ದೋಣಿ ಬಿಡಿ ಅಂತ ನಾನೇ ಹೇಳಿದ್ರೆ ಆ ಜೀವ ಒಡೆದುಹೋಗುತ್ತೆ, ಅದಕ್ಕೇ ಬೆಳಿಗ್ಗೆ ನಿಮ್ಮ ಪರೀಕ್ಷೆಯ ನೆಪ ಮಾಡಿದೆ. ಹತ್ತು ಜನರ ಎದುರು ನೀವೇ 'ಮಾವ ನೀರು ಬರ್ತಿದೆ ಅಂದ್ರು' ಅಂದಿದ್ರೆ, ಅವರೇ ಒಪ್ಪಿಕೊಂಡು ಬಿಟ್ಟುಕೊಡ್ತಿದ್ರು. ಅದಕ್ಕೇ ಅಷ್ಟು ಬಿಡಿಸಿ ಕೇಳಿದೆ. ನೀವು ನೋಡಿದ್ರೆ ದೊಡ್ಡ ತ್ಯಾಗಿಯ ಹಾಗೆ ಎಲ್ಲಾ ಮೈಮೇಲೆ ಹಾಕ್ಕೊಂಡ್ರಿ. ಇನ್ನು ಅವರನ್ನ ಹೇಗೆ ಇಳಿಸ್ಲಿ ಹೇಳಿ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ತಡೆದದ್ದು ತನ್ನದೇ ಬಾಯಿ ಎಂದು ಅಳಿಯನಿಗೆ ಅಳು ಬರುವಂತಾಯಿತು. ಈಗ ನಿಜ ಹೇಳಿದರೆ ಯಾರು ನಂಬುತ್ತಾರೆ? ಮಾವನಿಗೆ ಕೊಟ್ಟ ಮಾತೇನಾಗಬೇಕು?

"ನಾನಾದ್ರೂ ಅವರ ಜೊತೆ ದಿನಾ ಹೋಗ್ತೀನಿ ಅತ್ತೆ," ಎಂದ. "ಸುಮ್ನೆ ಹಿಂದೆ ಕೂತು, ಸಣ್ಣದೆಲ್ಲ ನಾನು ನೋಡ್ಕೋತೀನಿ."

ಅತ್ತೆ ಈಗ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ಅದೊಂದು ಉಪಕಾರ ಮಾಡಿ. ನಾನೇ ಹೇಳ್ತೀನಿ ಅವರಿಗೆ," ಎಂದರು.

ಹೇಳುವ ಮೊದಲೇ ಜಗಲಿಯಿಂದ ಮಾವನ ಗಟ್ಟಿದನಿ ಒಳಗೆ ಬಂತು. ಮೇಷ್ಟ್ರಿಗೆ ಅವರು ಭರವಸೆ ಕೊಡುತ್ತಿದ್ದರು:

"ನೀವೇನೂ ಹೆದರ್ಬೇಡಿ ಮೇಷ್ಟ್ರೇ, ಧೈರ್ಯವಾಗಿ ಹತ್ತಿ. ನಾನು ಬದುಕಿರೋವರೆಗೂ ಆ ಅಳಿಯಂದ್ರನ್ನ ಮಾತ್ರ ಈ ದೋಣಿ ಹತ್ತಿಸಲ್ಲ!"